ದೂರದ ಬೇಟೆಗೆ ಎಂಥ ತೋಟೆ? ಆಯ್ಕೆಯ ಹಿಂದಿನ ಲೆಕ್ಕಾಚಾರ

ಅಕ್ಟೋಬರ್ ಬಂತೆಂದರೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ರೈಫಲ್ ಬೇಟೆಯ ಋತು ಕಳೆಗಟ್ಟುತ್ತದೆ. ಕೊಲೊರಾಡೊ, ವ್ಯೋಮಿಂಗ್, ಮೊಂಟಾನ, ಐಡಾಹೊ ರಾಜ್ಯಗಳ ಬೆಟ್ಟಸಾಲುಗಳಿಗೂ ಹುಲ್ಲುಗಾವಲುಗಳಿಗೂ ಪರವಾನಗಿ ಪಡೆದ ಲಕ್ಷಾಂತರ ಬೇಟೆಗಾರರು ಹೊರಡುತ್ತಾರೆ. ಎಲ್ಕ್, ಮ್ಯೂಲ್ ಡಿಯರ್ ಎಂಬ ಜಿಂಕೆ ಜಾತಿಗಳು ಹಾಗೂ ಬಯಲಲ್ಲಿ ಓಡಾಡುವ ಪ್ರಾಂಗ್‌ಹಾರ್ನ್ ಅವರ ಗುರಿ. ಅಲ್ಲಿನ ಕಣಿವೆಗಳು ವಿಶಾಲ, ಮರೆ ಕಡಿಮೆ. ಪ್ರಾಣಿಯ ಸಮೀಪಕ್ಕೆ ಹೋಗುವುದು ಅನೇಕ ವೇಳೆ ದುಸ್ತರ. ಹೀಗಾಗಿ 300, 400, ಕೆಲವೊಮ್ಮೆ 500 ಗಜ ದೂರದಿಂದಲೇ ಗುಂಡು ಹಾರಿಸುವ ಸಂದರ್ಭ ಒದಗುತ್ತದೆ.

ಇಂಥ ಬೇಟೆಗೆ ಯಾವ ತೋಟೆ ಸೂಕ್ತ ಎಂಬುದು ಅಲ್ಲಿನ ಬೇಟೆಗಾರರ ನಡುವೆ ನೂರು ವರ್ಷಗಳಿಂದಲೂ ಮುಗಿಯದ ಚರ್ಚೆ. ಮೇಲ್ನೋಟಕ್ಕೆ ಇದು ಹವ್ಯಾಸಿಗಳ ಹರಟೆಯಂತೆ ಕಂಡೀತು. ಆದರೆ ಆಯ್ಕೆ ತಪ್ಪಿದರೆ ಅದರ ಬೆಲೆ ತೆರುವುದು ಬೇಟೆಗಾರನಲ್ಲ, ಪ್ರಾಣಿ. ಹೊಟ್ಟೆಗೋ ಕಾಲಿಗೋ ಗುಂಡು ತಗುಲಿದ ಎಲ್ಕ್ ಗಂಟೆಗಟ್ಟಲೆ, ದಿನಗಟ್ಟಲೆ ನರಳಿ, ಯಾರಿಗೂ ಸಿಗದಂತೆ ಕಾಡಿನಲ್ಲಿ ಸಾಯಬಹುದು. ಆದ್ದರಿಂದ ತೋಟೆಯ ಆಯ್ಕೆಯು ಅಂಕಿಸಂಖ್ಯೆಗಳ ವಿಷಯವಾಗಿರುವಷ್ಟೇ ಹೊಣೆಗಾರಿಕೆಯ ವಿಷಯವೂ ಹೌದು. ಅದರ ಹಿಂದಿನ ಲೆಕ್ಕಾಚಾರಗಳು ಏನು ಎಂಬುದರ ವಿವರ ಇಲ್ಲಿದೆ.

ತೋಟೆಯಲ್ಲಿ ಏನೇನಿದೆ?

ಪೊಲೀಸ್ ವರದಿಗಳಲ್ಲಿ ಕಾಡತೂಸು ಎಂದೂ ಮಲೆನಾಡಿನ ಆಡುಮಾತಿನಲ್ಲಿ ತೋಟೆ ಎಂದೂ ಕರೆಯಲ್ಪಡುವ ವಸ್ತುವಿನಲ್ಲಿ ನಾಲ್ಕು ಭಾಗಗಳಿವೆ. ಹಿತ್ತಾಳೆಯ ಕವಚ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ತುಂಬಿದ ಮದ್ದು ಮತ್ತು ಬಾಯಲ್ಲಿ ಕೂರಿಸಿದ ಗುಂಡು. ಕೇಪಿನ ಮೇಲೆ ಪೆಟ್ಟು ಬಿದ್ದಾಗ ಮದ್ದು ಉರಿದು ಅನಿಲವಾಗುತ್ತದೆ. ಆ ಒತ್ತಡ ಗುಂಡನ್ನು ನಳಿಕೆಯ ಮೂಲಕ ಹೊರದೂಡುತ್ತದೆ. ನಳಿಕೆಯ ಒಳಮೈಯಲ್ಲಿ ಸುರುಳಿಯಾಕಾರದಲ್ಲಿ ಕೊರೆದ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವುದರಿಂದಲೇ ಅದು ಮೊನೆ ಮುಂದಾಗಿ ನೇರ ಸಾಗುತ್ತದೆ.

ತೋಟೆಗಳ ಹೆಸರುಗಳು ಹೊಸಬರಿಗೆ ಗೊಂದಲ ಹುಟ್ಟಿಸುತ್ತವೆ. ಅವುಗಳಲ್ಲಿ ಒಂದೇ ಪದ್ಧತಿ ಎಂಬುದಿಲ್ಲ. .30-06 ಎಂಬುದರಲ್ಲಿ ಮೊದಲನೆಯದು ಇಂಚಿನ ಲೆಕ್ಕದಲ್ಲಿ ವ್ಯಾಸ. ಎರಡನೆಯದು ಅಮೆರಿಕದ ಸೇನೆ ಅದನ್ನು ಅಂಗೀಕರಿಸಿದ 1906ನೇ ಇಸವಿ. 6.5 ಕ್ರೀಡ್‌ಮೂರ್ ಎಂಬಲ್ಲಿ ಮೊದಲಿನದು ಮಿಲಿಮೀಟರ್ ಲೆಕ್ಕದ ವ್ಯಾಸವಾದರೆ, ಕ್ರೀಡ್‌ಮೂರ್ ಎಂಬುದು ನ್ಯೂಯಾರ್ಕ್ ಬಳಿ ಇದ್ದ ಹಳೆಯ ಗುರಿ ಮೈದಾನದ ಹೆಸರು. 1874ರಲ್ಲಿ ಐರ್ಲೆಂಡ್ ಹಾಗೂ ಅಮೆರಿಕ ತಂಡಗಳ ನಡುವಿನ ಪ್ರಸಿದ್ಧ ದೂರಗುರಿ ಪಂದ್ಯ ನಡೆದದ್ದು ಅಲ್ಲಿಯೇ. ಮ್ಯಾಗ್ನಮ್ ಎಂಬ ಪದ ಕಂಡರೆ ಹೆಚ್ಚು ಮದ್ದು ಹಿಡಿಸುವ ದೊಡ್ಡ ಕವಚ ಎಂದು ಸ್ಥೂಲವಾಗಿ ತಿಳಿಯಬಹುದು.

ಗುಂಡಿನ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ಹೇಳುವುದು ವಾಡಿಕೆ. 100 ಗ್ರೇನ್ ಎಂದರೆ ಸುಮಾರು ಆರೂವರೆ ಗ್ರಾಂ. ವೇಗವನ್ನು ಸೆಕೆಂಡಿಗೆ ಇಂತಿಷ್ಟು ಅಡಿ ಎಂದೂ ಶಕ್ತಿಯನ್ನು ಅಡಿ-ಪೌಂಡ್ ಎಂದೂ ಅಳೆಯಲಾಗುತ್ತದೆ.

ವೇಗವೊಂದೇ ಸಾಲದು

ಹೆಚ್ಚು ವೇಗದ ಗುಂಡೇ ಉತ್ತಮ ಎಂಬುದು ಸಾಮಾನ್ಯ ನಂಬಿಕೆ. 1925ರಲ್ಲಿ ಬಂದ .270 ವಿಂಚೆಸ್ಟರ್ ಈ ನಂಬಿಕೆಗೆ ಬಲ ತುಂಬಿದ ತೋಟೆ. ಅದರ 130 ಗ್ರೇನ್ ಗುಂಡು ಸೆಕೆಂಡಿಗೆ 3,000 ಅಡಿಗೂ ಮಿಗಿಲಾದ ವೇಗದಲ್ಲಿ ಹೊರಡುತ್ತದೆ. ಬೇಟೆ ಸಾಹಿತ್ಯದ ಖ್ಯಾತ ಲೇಖಕ ಜ್ಯಾಕ್ ಒ'ಕಾನರ್ ಇದನ್ನು ದಶಕಗಳ ಕಾಲ ಮೆಚ್ಚಿ ಬರೆದರು. ವೇಗ ಹೆಚ್ಚಿದ್ದರೆ ಗುಂಡು ಗುರಿ ಮುಟ್ಟಲು ತೆಗೆದುಕೊಳ್ಳುವ ಕಾಲ ಕಡಿಮೆ. ಅಷ್ಟರಮಟ್ಟಿಗೆ ಅದು ಕೆಳಕ್ಕೆ ಬೀಳುವುದೂ ಕಡಿಮೆ. ಇದು ನಿಜ.

ಆದರೆ ನಳಿಕೆಯ ಬಾಯಿ ದಾಟಿದ ಕ್ಷಣದಿಂದ ಗಾಳಿ ಗುಂಡನ್ನು ತಡೆಯಲು ಆರಂಭಿಸುತ್ತದೆ. ಗುಂಡು ಆ ತಡೆಯನ್ನು ಎಷ್ಟು ಚೆನ್ನಾಗಿ ಎದುರಿಸುತ್ತದೆ ಎಂಬುದನ್ನು ಸೂಚಿಸುವ ಅಂಕಿಯೇ ಬ್ಯಾಲಿಸ್ಟಿಕ್ ಗುಣಾಂಕ. ಒಂದೇ ವ್ಯಾಸದ ಎರಡು ಗುಂಡುಗಳಲ್ಲಿ ಉದ್ದವಾದದ್ದು, ಚೂಪಾದದ್ದು, ಹಿಂಭಾಗ ದೋಣಿಯ ತುದಿಯಂತೆ ಕಿರಿದಾದದ್ದು ಹೆಚ್ಚಿನ ಗುಣಾಂಕ ಹೊಂದಿರುತ್ತದೆ. ಬೆಂಡಿನ ಚೆಂಡನ್ನೂ ಕವಣೆ ಕಲ್ಲನ್ನೂ ಒಂದೇ ಬಲದಿಂದ ಎಸೆದರೆ ಯಾವುದು ದೂರ ಹೋದೀತು ಎಂಬುದನ್ನು ನೆನೆದರೆ ವಿಷಯ ಸುಲಭವಾಗಿ ತಿಳಿಯುತ್ತದೆ.

2007ರಲ್ಲಿ ಹಾರ್ನಡಿ ಸಂಸ್ಥೆ ಹೊರತಂದ 6.5 ಕ್ರೀಡ್‌ಮೂರ್ ಜನಪ್ರಿಯವಾದದ್ದು ಈ ಗುಣದಿಂದಲೇ. ಅದರ 143 ಗ್ರೇನ್ ಬೇಟೆ ಗುಂಡು ಹೊರಡುವುದು ಸೆಕೆಂಡಿಗೆ 2,700 ಅಡಿ ವೇಗದಲ್ಲಿ. ಇದು ವಿಶೇಷ ವೇಗವೇನಲ್ಲ. ಆದರೆ ಅದರ ಗುಣಾಂಕ 0.62ರ ಆಸುಪಾಸಿನಲ್ಲಿರುವುದರಿಂದ 500 ಗಜ ದಾಟಿದಾಗಲೂ ಸೆಕೆಂಡಿಗೆ ಸುಮಾರು 2,000 ಅಡಿ ವೇಗ ಉಳಿದಿರುತ್ತದೆ. .308 ವಿಂಚೆಸ್ಟರ್‌ನ 150 ಗ್ರೇನ್ ಗುಂಡು ಅದಕ್ಕಿಂತ ಹೆಚ್ಚಿನ, ಅಂದರೆ 2,820 ಅಡಿ ವೇಗದಲ್ಲಿ ಹೊರಟರೂ ಗುಣಾಂಕ 0.41ರಷ್ಟಿದ್ದರೆ ಅದೇ ದೂರದಲ್ಲಿ 1,800 ಅಡಿಯ ಆಸುಪಾಸಿಗೆ ಇಳಿದಿರುತ್ತದೆ. ಓಟದ ಆರಂಭದಲ್ಲಿ ಮುಂದಿದ್ದವನು ಕೊನೆಯಲ್ಲಿ ಹಿಂದೆ ಬಿದ್ದಂತೆ.

ಬೀಳುವುದು ತಿಳಿದ ಲೆಕ್ಕ, ಗಾಳಿ ತಿಳಿಯದ ಲೆಕ್ಕ

ಗುಂಡು ಎಷ್ಟೇ ವೇಗದ್ದಾಗಿರಲಿ, ಭೂಮಿ ಅದನ್ನು ಕೆಳಕ್ಕೆ ಸೆಳೆಯುತ್ತಲೇ ಇರುತ್ತದೆ. ಮೇಲೆ ಹೇಳಿದ ಕ್ರೀಡ್‌ಮೂರ್ ರೈಫಲ್‌ನ ದೂರದರ್ಶಕವನ್ನು 200 ಗಜಕ್ಕೆ ಸರಿಹೊಂದಿಸಿದ್ದರೆ, 300 ಗಜದಲ್ಲಿ ಗುಂಡು ಸುಮಾರು 8 ಇಂಚು, 400 ಗಜದಲ್ಲಿ ಸುಮಾರು 23 ಇಂಚು, 500 ಗಜದಲ್ಲಿ ಸುಮಾರು 45 ಇಂಚು ಕೆಳಗೆ ಬೀಳುತ್ತದೆ. ದೂರ ಹೆಚ್ಚಿದಂತೆ ಬೀಳುವ ಪ್ರಮಾಣ ಒಂದೇ ಸಮನೆ ಏರದೆ ಇಮ್ಮಡಿಸುತ್ತ ಹೋಗುವುದನ್ನು ಇಲ್ಲಿ ಗಮನಿಸಬೇಕು.

ಸಮಾಧಾನದ ಸಂಗತಿಯೆಂದರೆ ಈ ಬೀಳುವಿಕೆಯನ್ನು ಮುಂಚಿತವಾಗಿಯೇ ಲೆಕ್ಕ ಹಾಕಬಹುದು. ದೂರವನ್ನು ಲೇಸರ್ ಉಪಕರಣದಿಂದ ಅಳೆದು, ದೂರದರ್ಶಕದ ಗುಂಡಿಯನ್ನು ಅಷ್ಟು ತಿರುಗಿಸಿದರೆ ಸಾಕು. ಕಣ್ಣಳತೆಯನ್ನು ನಂಬಿದರೆ ಮಾತ್ರ ಅಪಾಯ. 550 ಗಜ ದೂರದ ಪ್ರಾಣಿಯನ್ನು 500 ಗಜ ಎಂದು ತಪ್ಪಾಗಿ ಅಂದಾಜಿಸಿದರೆ ಗುಂಡು ಹತ್ತಿರ ಹತ್ತಿರ 10 ಇಂಚು ಕೆಳಗೆ ಹೋಗುತ್ತದೆ. ಎದೆಗೆ ಇಟ್ಟ ಗುರಿ ಕಾಲಿಗೆ ತಾಗುತ್ತದೆ.

ಗಾಳಿಯ ಮಾತು ಬೇರೆ. ಅದನ್ನು ಅಳೆಯುವ ಉಪಕರಣ ಬೇಟೆಗಾರನ ಕೈಯಲ್ಲಿದ್ದರೂ ಅದು ಹೇಳುವುದು ಅವನು ನಿಂತ ಜಾಗದ ಗಾಳಿಯನ್ನು ಮಾತ್ರ. ನಡುವಿನ ಕಣಿವೆಯಲ್ಲಿ ಗಾಳಿ ಎತ್ತ ಬೀಸುತ್ತಿದೆ, ಪ್ರಾಣಿ ನಿಂತ ಇಳಿಜಾರಿನಲ್ಲಿ ಎಷ್ಟಿದೆ ಎಂಬುದು ಹುಲ್ಲು, ಎಲೆ, ಧೂಳು ನೋಡಿ ಊಹಿಸಬೇಕಾದ ಸಂಗತಿ. ಗಂಟೆಗೆ 10 ಮೈಲಿ, ಅಂದರೆ 16 ಕಿಲೋಮೀಟರ್ ವೇಗದ ಅಡ್ಡಗಾಳಿಯು ಮೇಲೆ ಹೇಳಿದ ಕ್ರೀಡ್‌ಮೂರ್ ಗುಂಡನ್ನು 500 ಗಜದಲ್ಲಿ ಸುಮಾರು 15 ಇಂಚು ಪಕ್ಕಕ್ಕೆ ತಳ್ಳುತ್ತದೆ; .308ರ ಆ ಗುಂಡನ್ನು ಸುಮಾರು 23 ಇಂಚು. ಗಾಳಿಯ ಅಂದಾಜಿನಲ್ಲಿ ಅರ್ಧದಷ್ಟು ತಪ್ಪಾದರೆ ಮೊದಲನೆಯದರಲ್ಲಿ 7 ಇಂಚಿನ, ಎರಡನೆಯದರಲ್ಲಿ 11 ಇಂಚಿನ ದೋಷ ಉಳಿಯುತ್ತದೆ. ಜಿಂಕೆಯ ಎದೆಗೂಡಿನಲ್ಲಿ ಹೃದಯ ಮತ್ತು ಶ್ವಾಸಕೋಶ ಸೇರಿದ ಮರ್ಮಸ್ಥಾನದ ಅಗಲ 8ರಿಂದ 10 ಇಂಚು. ಅಂದರೆ ನಡುವಿನಿಂದ 4 ಅಥವಾ 5 ಇಂಚು ಸರಿದರೆ ಗುರಿ ತಪ್ಪಿದಂತೆಯೇ.

ಹೆಚ್ಚಿನ ಗುಣಾಂಕದ ಗುಂಡಿನ ನಿಜವಾದ ಪ್ರಯೋಜನ ಇರುವುದು ಇಲ್ಲಿ. ಅದು ಗಾಳಿಯನ್ನು ಇಲ್ಲವಾಗಿಸುವುದಿಲ್ಲ. ಬೇಟೆಗಾರನ ತಪ್ಪಿಗೆ ಕಡಿಮೆ ದಂಡ ವಿಧಿಸುತ್ತದೆ, ಅಷ್ಟೆ.

ತಲುಪಿದ ಮೇಲೆ ಏನು?

ಕಾಗದದ ಗುರಿಗೆ ಹೊಡೆಯುವವನ ಕೆಲಸ ಗುಂಡು ತಲುಪಿದಲ್ಲಿಗೆ ಮುಗಿಯುತ್ತದೆ. ಬೇಟೆಯಲ್ಲಿ ಹಾಗಲ್ಲ. ಗುಂಡು ಚರ್ಮ, ಮಾಂಸ, ಪಕ್ಕೆಲುಬು ಸೀಳಿ ಶ್ವಾಸಕೋಶದವರೆಗೆ ಹೋಗಬೇಕು. ಹೋಗುವಾಗ ಅದರ ಮೊನೆ ಹೂವಿನಂತೆ ಅರಳಿ ಅಗಲವಾದ ಗಾಯ ಮಾಡಬೇಕು. ಅರಳದೆ ಸೂಜಿಯಂತೆ ಆರಪಾರು ಹೋದರೆ ಪ್ರಾಣಿ ಬಹುದೂರ ಓಡಿ ನಿಧಾನವಾಗಿ ಸಾಯುತ್ತದೆ. ಮೇಲ್ಮೈಯಲ್ಲೇ ಪುಡಿಯಾದರೂ ಅದೇ ಗತಿ.

ಅರಳಲು ವೇಗ ಬೇಕು. ಸಾಂಪ್ರದಾಯಿಕ ಬೇಟೆ ಗುಂಡುಗಳಿಗೆ ಸೆಕೆಂಡಿಗೆ 1,800 ಅಡಿಯನ್ನು ಸ್ಥೂಲವಾದ ಕೆಳಮಿತಿಯೆಂದು ಪರಿಗಣಿಸುವುದು ರೂಢಿ. ದೂರದ ಬೇಟೆಗೆಂದೇ ರೂಪಿಸಿದ ಕೆಲವು ಗುಂಡುಗಳು ಇದಕ್ಕಿಂತ ಕಡಿಮೆ ವೇಗದಲ್ಲಿಯೂ ಅರಳುತ್ತವೆ. ಯಾವ ದೂರದಲ್ಲಿ ತನ್ನ ಗುಂಡು ಈ ಮಿತಿಗಿಂತ ಕೆಳಗಿಳಿಯುತ್ತದೆ ಎಂಬುದನ್ನು ತಯಾರಕರ ಕೋಷ್ಟಕದಲ್ಲಿ ನೋಡಿಕೊಂಡರೆ, ಅದೇ ಆ ತೋಟೆಯ ನಿಜವಾದ ವ್ಯಾಪ್ತಿ.

ಶಕ್ತಿಯ ಲೆಕ್ಕವೂ ಬಳಕೆಯಲ್ಲಿದೆ. ಜಿಂಕೆಗೆ ಕನಿಷ್ಠ 1,000 ಅಡಿ-ಪೌಂಡ್, ಎಲ್ಕ್‌ಗೆ 1,500 ಅಡಿ-ಪೌಂಡ್ ಎಂಬುದು ಬೇಟೆಗಾರರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಸೂತ್ರ. ಈ ಲೆಕ್ಕದಲ್ಲಿ 6.5 ಕ್ರೀಡ್‌ಮೂರ್ ಎಲ್ಕ್‌ಗೆ 400 ಗಜದೊಳಗಿನ ತೋಟೆ. ಜಿಂಕೆಗಾದರೆ 700 ಗಜದವರೆಗೂ ಶಕ್ತಿ ಉಳಿದಿರುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್‌ನ 200 ಗ್ರೇನ್ ಗುಂಡಿನಲ್ಲಿ 500 ಗಜದಾಚೆಯೂ ಸುಮಾರು 2,000 ಅಡಿ-ಪೌಂಡ್ ಇರುತ್ತದೆ. ಆದರೆ ಶಕ್ತಿಯೇ ಪ್ರಾಣಿಯನ್ನು ಕೊಲ್ಲುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. 1894ರ ಹಳೆಯ 6.5x55 ತೋಟೆಯಿಂದ ಸ್ಕ್ಯಾಂಡಿನೇವಿಯಾದಲ್ಲಿ ತಲೆಮಾರುಗಳಿಂದ ಎಲ್ಕ್‌ಗಿಂತ ದೊಡ್ಡದಾದ ಮೂಸ್ ಬೇಟೆ ನಡೆದುಕೊಂಡು ಬಂದಿದೆ. ಗುಂಡು ಬಿದ್ದ ಜಾಗ, ಒಳಹೊಕ್ಕ ಆಳ ಇವೆರಡೇ ಕೊನೆಗೆ ನಿರ್ಣಾಯಕ.

ಕಾನೂನು ಕೂಡ ಒಂದು ತಳಮಿತಿ ಹಾಕಿದೆ. ಕೊಲೊರಾಡೊ ರಾಜ್ಯದಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ .24 ಇಂಚಿಗಿಂತ ಕಡಿಮೆ ವ್ಯಾಸದ ರೈಫಲ್ ಬಳಸುವಂತಿಲ್ಲ. ಗುಂಡು ಅರಳುವ ಬಗೆಯದ್ದಾಗಿರಬೇಕು. ಜಿಂಕೆಗೆ 70 ಗ್ರೇನ್, ಎಲ್ಕ್‌ಗೆ 85 ಗ್ರೇನ್ ಕನಿಷ್ಠ ತೂಕ ಇರಬೇಕು. 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಇರಬೇಕು. ಇದು ಅತಿ ಕಡಿಮೆ ಮಿತಿಯೇ ಹೊರತು ದೂರದ ಬೇಟೆಗೆ ನೀಡಿದ ಶಿಫಾರಸು ಅಲ್ಲ.

ಭುಜಕ್ಕೆ ಬೀಳುವ ಒದೆತ

ಹಾಗಿದ್ದರೆ ಎಲ್ಲರೂ ದೊಡ್ಡ ಮ್ಯಾಗ್ನಮ್ ತೋಟೆಯನ್ನೇ ಏಕೆ ಕೊಳ್ಳಬಾರದು? ಉತ್ತರ ಭುಜದಲ್ಲಿದೆ. ಗುಂಡು ಮುಂದಕ್ಕೆ ಹೋದಷ್ಟೇ ನಿಶ್ಚಿತವಾಗಿ ಕೋವಿ ಹಿಂದಕ್ಕೆ ಒದೆಯುತ್ತದೆ. ಒಂದೇ ತೂಕದ ರೈಫಲ್‌ಗಳಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್‌ನ ಒದೆತ 6.5 ಕ್ರೀಡ್‌ಮೂರ್‌ಗೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚು. ಬೆಟ್ಟ ಹತ್ತಲು ಅನುಕೂಲವೆಂದು ಹಗುರವಾದ ರೈಫಲ್ ಆರಿಸಿಕೊಂಡರೆ ಒದೆತ ಇನ್ನೂ ಏರುತ್ತದೆ.

ಜೋರಾಗಿ ಒದೆಯುವ ಕೋವಿಗೆ ಶರೀರ ಮೊದಲೇ ಬೆದರುತ್ತದೆ. ಕುದುರೆ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ, ಗುರಿ ಅಲುಗುತ್ತದೆ. 100 ಗಜದಲ್ಲಿ ಒಂದು ಇಂಚಿನ ಅಲುಗು 500 ಗಜದಲ್ಲಿ ಐದು ಇಂಚು. ಅಭ್ಯಾಸಕ್ಕೂ ಇದು ಅಡ್ಡಿ. ಮೃದುವಾದ ತೋಟೆಯಲ್ಲಿ ಒಂದು ಮಧ್ಯಾಹ್ನ 40 ಈಡು ಹೊಡೆದು ಕಲಿಯುವವನು, ದೊಡ್ಡ ಮ್ಯಾಗ್ನಮ್‌ನಲ್ಲಿ ಹತ್ತಕ್ಕೇ ಸಾಕು ಎನ್ನುತ್ತಾನೆ. ಮೇಲಾಗಿ ಮ್ಯಾಗ್ನಮ್ ತೋಟೆಯ ಬೆಲೆ ಹೆಚ್ಚು, ನಳಿಕೆ ಸವೆಯುವುದೂ ಬೇಗ. ನಳಿಕೆಯ ತುದಿಗೆ ಒದೆತ ತಗ್ಗಿಸುವ ಸಾಧನ ಜೋಡಿಸಬಹುದಾದರೂ ಅದರಿಂದ ಹೊರಡುವ ಸದ್ದು ಕಿವಿಗೆ ಹಾನಿಕರ.

ಯಾವ ಬೇಟೆಗೆ ಯಾವುದು?

ಚಾಲ್ತಿಯಲ್ಲಿರುವ ಪ್ರಮುಖ ತೋಟೆಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಹಳೆಯ ನಂಬಿಕಸ್ಥರ ಗುಂಪು. .30-06, .270 ವಿಂಚೆಸ್ಟರ್ ಮತ್ತು 1952ರಲ್ಲಿ ಬಂದ .308 ವಿಂಚೆಸ್ಟರ್ ಇದರಲ್ಲಿವೆ. ಯಾವ ಸಣ್ಣ ಊರಿನ ಅಂಗಡಿಯಲ್ಲೂ ದೊರೆಯುವುದು ಇವುಗಳ ದೊಡ್ಡ ಗುಣ. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಅಮೆರಿಕದಾದ್ಯಂತ ತೋಟೆಗಳ ಅಭಾವ ತಲೆದೋರಿದಾಗ ಸುಲಭ ಲಭ್ಯತೆಯ ಬೆಲೆ ಎಲ್ಲರಿಗೂ ಅರಿವಾಯಿತು. 300 ಗಜದವರೆಗಿನ ಬೇಟೆಗೆ ಇವು ಇಂದಿಗೂ ಯಾವುದಕ್ಕೂ ಕಡಿಮೆಯಿಲ್ಲ.

ಎರಡನೆಯದು ಸೌಮ್ಯ ಒದೆತದ, ಹೆಚ್ಚಿನ ಗುಣಾಂಕದ ಗುಂಪು. 6.5 ಕ್ರೀಡ್‌ಮೂರ್ ಇದರ ಪ್ರತಿನಿಧಿ. ಜಿಂಕೆ, ಪ್ರಾಂಗ್‌ಹಾರ್ನ್‌ಗಳಿಗೆ ಅತ್ಯಂತ ಸೂಕ್ತ. ಎಲ್ಕ್‌ಗೂ ನಡೆಯುತ್ತದೆ, ಆದರೆ ದೂರವನ್ನು ಮಿತಿಗೊಳಿಸಿಕೊಳ್ಳಬೇಕು. ಇದೇ ವ್ಯಾಸದಲ್ಲಿ ಹೆಚ್ಚಿನ ವೇಗ ಬೇಕೆನ್ನುವವರಿಗೆ 6.5 ಪಿ.ಆರ್.ಸಿ. ಇದೆ.

ಮೂರನೆಯದು ಮ್ಯಾಗ್ನಮ್ ಗುಂಪು. 1962ರ 7 ಎಂ.ಎಂ. ರೆಮಿಂಗ್ಟನ್ ಮ್ಯಾಗ್ನಮ್, 1963ರ .300 ವಿಂಚೆಸ್ಟರ್ ಮ್ಯಾಗ್ನಮ್, 2022ರ 7 ಎಂ.ಎಂ. ಪಿ.ಆರ್.ಸಿ. ಇಲ್ಲಿ ಮುಖ್ಯ. 300 ಕಿಲೋಗೂ ಹೆಚ್ಚು ತೂಗುವ ಗಂಡು ಎಲ್ಕ್‌ಗೆ 400 ಗಜದಾಚೆ ಗುರಿಯಿಡುವವರ ಆಯ್ಕೆ ಇವು. ಇವುಗಳಲ್ಲಿ 7 ಎಂ.ಎಂ. ವ್ಯಾಸದವು ಒದೆತ ಹಾಗೂ ಸಾಮರ್ಥ್ಯದ ನಡುವೆ ಒಂದು ರಾಜಿ ಸೂತ್ರ ಎನ್ನಬಹುದು.

ಹಳೆಯ ಮತ್ತು ಹೊಸ ತೋಟೆಗಳ ನಡುವಿನ ಒಂದು ವ್ಯತ್ಯಾಸ ಪೆಟ್ಟಿಗೆಯ ಮೇಲೆ ಕಾಣುವುದಿಲ್ಲ. ಉದ್ದನೆಯ ಗುಂಡನ್ನು ಸ್ಥಿರವಾಗಿಡಲು ಅದನ್ನು ಹೆಚ್ಚು ವೇಗವಾಗಿ ತಿರುಗಿಸಬೇಕು. ಹಳೆಯ .270 ರೈಫಲ್‌ಗಳ ನಳಿಕೆಯಲ್ಲಿ 10 ಇಂಚಿಗೆ ಒಂದು ಸುತ್ತು ಇದ್ದರೆ, 6.5 ಕ್ರೀಡ್‌ಮೂರ್‌ನಲ್ಲಿ 8 ಇಂಚಿಗೆ ಒಂದು ಸುತ್ತು. ಆದ್ದರಿಂದ ಅಜ್ಜನ ಕಾಲದ ರೈಫಲ್‌ಗೆ ಹೊಸ ಮಾದರಿಯ ಉದ್ದನೆಯ ಗುಂಡು ಹಾಕಿದರೆ ಅದು ಓಲಾಡಿಕೊಂಡು ಹೋಗುವ ಸಂಭವವಿದೆ. ತೋಟೆಯ ಆಯ್ಕೆ ಎಂದರೆ ನಳಿಕೆಯ ಆಯ್ಕೆಯೂ ಹೌದು.

ಸೀಸವೋ ತಾಮ್ರವೋ?

ಇತ್ತೀಚಿನ ವರ್ಷಗಳಲ್ಲಿ ಗುಂಡಿನ ಲೋಹವೂ ಚರ್ಚೆಯ ವಸ್ತುವಾಗಿದೆ. ಸೀಸದ ಗುಂಡು ಪ್ರಾಣಿಯ ದೇಹದಲ್ಲಿ ಒಡೆದಾಗ ಸಣ್ಣ ಸಣ್ಣ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ಬೇಟೆಗಾರರು ಬಿಟ್ಟುಹೋದ ಕರುಳು, ಅವಶೇಷಗಳನ್ನು ತಿಂದ ಹದ್ದುಗಳಿಗೆ ವಿಷವೇರುತ್ತದೆ. 1982ರಲ್ಲಿ ಕೇವಲ 22ಕ್ಕೆ ಇಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಬೃಹತ್ ರಣಹದ್ದುಗಳ ಉಳಿವಿಗೆ ಸೀಸವೇ ದೊಡ್ಡ ಕಂಟಕ ಎಂಬುದು ದೃಢಪಟ್ಟಿತು. ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಬಳಕೆಯನ್ನು ಸಂಪೂರ್ಣ ನಿಷೇಧಿಸಿತು. ಜಾನುವಾರುಗಳಿಗೆ ಕೊಡುವ ಡೈಕ್ಲೋಫೆನಾಕ್ ಔಷಧವನ್ನು ರಣಹದ್ದುಗಳ ಸಲುವಾಗಿ ಭಾರತ 2006ರಲ್ಲಿ ನಿಷೇಧಿಸಿದ್ದನ್ನು ಬಲ್ಲ ಓದುಗರಿಗೆ ಇದರ ಮಹತ್ವ ತಿಳಿಯದಿರದು.

ತಾಮ್ರದ ಗುಂಡು ಒಡೆಯುವುದಿಲ್ಲ, ಆಳಕ್ಕೆ ಇಳಿಯುತ್ತದೆ. ಆದರೆ ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಗುಂಡು ಉದ್ದವಾಗಬೇಕು. ಅರಳಲು ಸಾಮಾನ್ಯವಾಗಿ ಹೆಚ್ಚು ವೇಗವೂ ಬೇಕು. ಆದ್ದರಿಂದ ತಾಮ್ರ ಆರಿಸಿದವರು ತಮ್ಮ ದೂರದ ಮಿತಿಯನ್ನು ಒಂದಿಷ್ಟು ಹತ್ತಿರಕ್ಕೆ ಎಳೆದುಕೊಳ್ಳುವುದು ವಿವೇಕ.

ಅರ್ಧ ಸೆಕೆಂಡಿನ ಪ್ರಶ್ನೆ

ಯಾವ ತೋಟೆಯೂ ಪರಿಹರಿಸಲಾಗದ ಒಂದು ಸಮಸ್ಯೆ ಇದೆ. ಅದು ಕಾಲ. 500 ಗಜ ಕ್ರಮಿಸಲು ಕ್ರೀಡ್‌ಮೂರ್ ಗುಂಡಿಗೆ ಸುಮಾರು 0.64 ಸೆಕೆಂಡು ಬೇಕು. ಮೇಯುತ್ತ ನಿಂತಿದ್ದ ಎಲ್ಕ್ ಅಷ್ಟರಲ್ಲಿ ಹೆಜ್ಜೆ ಕಿತ್ತರೆ? ಗಂಟೆಗೆ ನಾಲ್ಕೂವರೆ ಕಿಲೋಮೀಟರ್‌ನ ಸಾಧಾರಣ ನಡಿಗೆಯಲ್ಲೂ ಅದು ಸುಮಾರು 80 ಸೆಂಟಿಮೀಟರ್ ಮುಂದೆ ಸಾಗಿರುತ್ತದೆ. ಕುದುರೆ ಎಳೆದಾಗ ಗುರಿಯಲ್ಲಿದ್ದುದು ಶ್ವಾಸಕೋಶ. ಗುಂಡು ಮುಟ್ಟುವಾಗ ಅಲ್ಲಿರುವುದು ಹೊಟ್ಟೆ. ಹೆಚ್ಚು ವೇಗದ ಮ್ಯಾಗ್ನಮ್ ಈ ಅವಧಿಯನ್ನು ಸ್ವಲ್ಪ ಕುಗ್ಗಿಸಬಹುದೇ ಹೊರತು ಇಲ್ಲವಾಗಿಸದು.

ಗಾಯಗೊಂಡ ಪ್ರಾಣಿಯನ್ನು ಹುಡುಕುವುದೂ ದೂರದಿಂದ ಕಷ್ಟ. ಆಚೆ ಬೆಟ್ಟದ ಇಳಿಜಾರಿನಲ್ಲಿ ಪ್ರಾಣಿ ನಿಂತ ನಿಖರ ಜಾಗ ಯಾವುದು ಎಂಬುದು ಕಣಿವೆ ಇಳಿದು ಹತ್ತಿ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ರಕ್ತದ ಜಾಡು ಸಿಗುವ ಮುನ್ನ ಕತ್ತಲಾಗುತ್ತದೆ.

ಈ ಕಾರಣಗಳಿಂದಲೇ ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ದೂರದ ಬೇಟೆಯ ಗೀಳಿನ ವಿರುದ್ಧ ಬಹಿರಂಗ ನಿಲುವು ತಳೆದಿದೆ. ಪ್ರಾಣಿಗೆ ಬೇಟೆಗಾರನ ಸುಳಿವು ಸಿಕ್ಕಿ ತಪ್ಪಿಸಿಕೊಳ್ಳುವ ಅವಕಾಶವೇ ಇಲ್ಲದಿದ್ದರೆ ಅದು ಬೇಟೆಯಲ್ಲ, ಕೇವಲ ಗುರಿ ಅಭ್ಯಾಸ ಎಂಬುದು ಆ ನಿಲುವಿನ ತಿರುಳು. ಇಷ್ಟೇ ಗಜ ಎಂಬ ಗೆರೆಯನ್ನು ಅದು ಎಳೆದಿಲ್ಲ. ಐಡಾಹೊ ರಾಜ್ಯ ಮಾತ್ರ 16 ಪೌಂಡಿಗಿಂತ ಭಾರವಾದ ಕೋವಿಗಳನ್ನು ದೊಡ್ಡ ಪ್ರಾಣಿಗಳ ಬೇಟೆಗೆ ನಿಷೇಧಿಸುವ ಮೂಲಕ ಅತಿದೂರದ ವಿಶೇಷ ರೈಫಲ್‌ಗಳಿಗೆ ಪರೋಕ್ಷ ತಡೆ ಒಡ್ಡಿದೆ.

ನಮ್ಮ ಕಾಡು, ನಮ್ಮ ಕಾನೂನು

ಈ ಲೆಕ್ಕಾಚಾರಗಳು ಕರ್ನಾಟಕದ ಹಳೆಯ ಶಿಕಾರಿ ಕಥೆಗಳಲ್ಲಿ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆ ಸಹಜ. ಕಾರಣ ಸ್ಪಷ್ಟ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನಟ್ಟಿದ್ದು ದಟ್ಟ ಕುರುಚಲು ಕಾಡಿನಲ್ಲಿ. ಅಲ್ಲಿ ಗುರಿ ಇರುತ್ತಿದ್ದುದು ಕೆಲವೇ ಗಜಗಳ ಅಂತರದಲ್ಲಿ. ಅವರ ಕೈಯಲ್ಲಿದ್ದ .405 ವಿಂಚೆಸ್ಟರ್‌ನ ಗುಂಡು ಭಾರವಾದದ್ದು, ಮೊಂಡು ಮೂತಿಯದ್ದು. ಎದುರಿಗೆ ನುಗ್ಗಿ ಬರುವ ಹುಲಿಯನ್ನು ತಡೆಯಲು ಅದು ಹೇಳಿ ಮಾಡಿಸಿದಂತಿತ್ತು. 400 ಗಜ ದೂರಕ್ಕೆ ನಿರುಪಯುಕ್ತ. ತೋಟೆಯ ಗುಣದೋಷ ನಿರ್ಣಯವಾಗುವುದು ಕಾಡಿನಿಂದ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಡ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮನರಂಜನೆಯ ಬೇಟೆಗೆ ತೆರೆ ಎಳೆದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ವಿಸ್ತರಿಸಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳಲು ನೀಡಿದ ವಿನಾಯಿತಿ, ಬೇಟೆಗೆ ನೀಡಿದ ಅನುಮತಿಯಲ್ಲ. ಇಂದು ಕೊಡಗಿನ ಗುರಿಕಾರರ ಕೌಶಲ ಮೆರೆಯುವುದು ಕೈಲ್ ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಪೈಕಿ ಈ ಹವ್ಯಾಸಕ್ಕೆ ಕೈಹಾಕುವವರು ಒಂದು ಅಂಶವನ್ನು ಮನಗಾಣಬೇಕು. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲೆ ಇರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಪಡೆದಿರುವುದು ಈ ನಿಯಮಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು. ಕೊಲೊರಾಡೊದಂಥ ರಾಜ್ಯಗಳಲ್ಲಿ ಆ ಪರವಾನಗಿಗೂ ಮುನ್ನ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕು. 1949ರ ಜನವರಿ 1ರ ನಂತರ ಹುಟ್ಟಿದವರಿಗೆಲ್ಲ ಈ ನಿಯಮ ಅನ್ವಯಿಸುತ್ತದೆ.

ಆಯ್ಕೆಯ ಕ್ರಮ

ಇಷ್ಟೆಲ್ಲ ಅಂಶಗಳನ್ನು ಕ್ರಮವಾಗಿ ಜೋಡಿಸಿದರೆ ಆಯ್ಕೆ ಅಷ್ಟೇನೂ ಜಟಿಲವಲ್ಲ. ಮೊದಲು ಪ್ರಾಣಿ ಯಾವುದು ಎಂಬುದು ನಿರ್ಧಾರವಾಗಬೇಕು. ಅನಂತರ, ಬೆಂಚಿನ ಆಸರೆಯಿಲ್ಲದೆ, ಬೆಟ್ಟ ಹತ್ತಿದ ಏದುಸಿರಿನಲ್ಲಿ, ಮರ್ಮಸ್ಥಾನದ ಅಗಲದ ಗುರಿಗೆ ತಪ್ಪದೆ ಹೊಡೆಯಬಲ್ಲ ದೂರ ಎಷ್ಟು ಎಂಬುದನ್ನು ಬೇಟೆಗಾರ ಪ್ರಾಮಾಣಿಕವಾಗಿ ಅಳೆದುಕೊಳ್ಳಬೇಕು. ಆ ದೂರದಲ್ಲಿ ಗುಂಡು ಅರಳುವಷ್ಟು ವೇಗ ಉಳಿಸಿಕೊಳ್ಳುವ ತೋಟೆಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಅತಿ ಕಡಿಮೆ ಒದೆಯುವುದನ್ನು, ಹತ್ತಿರದ ಅಂಗಡಿಯಲ್ಲಿ ಸದಾ ಸಿಗುವುದನ್ನು ಆರಿಸಬೇಕು. ಉಳಿದ ಹಣ ದೂರಮಾಪಕಕ್ಕೂ ಅಭ್ಯಾಸದ ತೋಟೆಗಳಿಗೂ ಮೀಸಲಾಗಬೇಕು.

ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಮೊದಲು ದೊಡ್ಡ ತೋಟೆ ಕೊಂಡು, ಅದು ಹೋಗುವಷ್ಟು ದೂರವೇ ತಮ್ಮ ದೂರ ಎಂದು ಭಾವಿಸುತ್ತಾರೆ. ತೋಟೆಯ ಪೆಟ್ಟಿಗೆಯ ಮೇಲೆ ಮುದ್ರಿಸಿದ ಅಂಕಿಗಳು ಗುಂಡಿನ ಸಾಮರ್ಥ್ಯವನ್ನು ಹೇಳುತ್ತವೆ, ಹೊಡೆಯುವವನದನ್ನಲ್ಲ. ಗಾಳಿ ಅನುಮಾನ ಹುಟ್ಟಿಸಿದಾಗ, ಪ್ರಾಣಿ ಹೆಜ್ಜೆ ಕೀಳುವಂತೆ ಕಂಡಾಗ ಕುದುರೆಯ ಮೇಲಿನ ಬೆರಳು ತೆಗೆದು ಇನ್ನೂ ನೂರು ಗಜ ಹತ್ತಿರ ನಡೆಯುವ ತಾಳ್ಮೆಯನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ.